ಬೇತಾಳನ ಪ್ರಶ್ನೆಯೂ ನಮ್ಮ ಅಜ್ಜಿಯ ಉತ್ತರವೂ

ಚಿತ್ರದ ಪುಸ್ತಕಗಳನ್ನು ಓದಿ ಮಕ್ಕಳು ಕೆಡುವರೆಂಬ ದೂರು ಇಂದು ನಿನ್ನೆಯದಲ್ಲ. ನಮ್ಮ ಬಾಲ್ಯದಲ್ಲಿ ಆ ದೂರಿಗೆ ಗುರಿಯಾಗಿದ್ದುದು ‘ಚಂದಮಾಮ’. ಭೂಗೋಳದ ಪುಸ್ತಕದ ನಡುವೆ ಅದನ್ನು ಅಡಗಿಸಿಟ್ಟು ಓದುತ್ತ ಸಿಕ್ಕಿಬಿದ್ದು ನಾನು ತಿಂದ ಏಟುಗಳಿಗೆ ಲೆಕ್ಕವಿಲ್ಲ. ಹಾಗೆ ಹೊಡೆದ ತಂದೆಯವರೇ, ಮನೆಯವರೆಲ್ಲ ಮಲಗಿದ ಮೇಲೆ ಲಾಂದ್ರದ ಬೆಳಕಿನಲ್ಲಿ ಅದೇ ಸಂಚಿಕೆಯನ್ನು ಓದುತ್ತಿದ್ದರೆಂಬುದನ್ನು ಇಲ್ಲಿ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು.

ಈ ಪತ್ರಿಕೆಯು ಮದರಾಸಿನಲ್ಲಿ 1947ರ ಜುಲೈ ತಿಂಗಳಲ್ಲಿ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಹುಟ್ಟಿ, 1949ರಲ್ಲಿ ಕನ್ನಡಕ್ಕೆ ಬಂದಿತು. ಇದನ್ನು ಹೊರಡಿಸಿದವರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬ ಇಬ್ಬರು ಸ್ನೇಹಿತರು. ಚಕ್ರಪಾಣಿಯವರು ಶರಚ್ಚಂದ್ರರ ವಂಗ ಕಾದಂಬರಿಗಳನ್ನು ತೆಲುಗಿಗೆ ತಂದ ಸಾಹಿತಿಗಳು. 1951ರ ‘ಪಾತಾಳಭೈರವಿ’ಯನ್ನೂ 1957ರ ‘ಮಾಯಾಬಜಾರ್’ ಚಿತ್ರವನ್ನೂ ನಿರ್ಮಿಸಿದವರು ಇದೇ ಸ್ನೇಹಿತರೇ. ಎಂದ ಮೇಲೆ, ಪತ್ರಿಕೆಯ ಮಾಂತ್ರಿಕನೂ ತೆರೆಯ ಮಾಂತ್ರಿಕನೂ ಒಂದೇ ಅಡಿಗೆಮನೆಯ ಪಾಕವೆನ್ನಬಹುದು. ತೆಲುಗಿನ ಹಿರಿಯ ಕಥೆಗಾರರಾದ ಕೊಡವಟಿಗಂಟಿ ಕುಟುಂಬರಾಯರು 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೂ ಅದರ ಸಂಪಾದನೆಯ ಭಾರವನ್ನು ಹೊತ್ತಿದ್ದರು. ದೊಡ್ಡ ಲೇಖಕರೊಬ್ಬರು ಮಕ್ಕಳಿಗಾಗಿ ಅಷ್ಟು ಕಾಲ ದುಡಿದುದನ್ನು ಕಂಡರೆ, ಇಂಥ ಪುಸ್ತಕಗಳನ್ನು ಹಗುರವಾಗಿ ಕಾಣುವ ಪಂಡಿತರ ವಿಷಯದಲ್ಲಿ ನನಗೆ ಕನಿಕರ ಹುಟ್ಟುವುದು.

ಚಿತ್ರಗಳ ಮಾತಂತೂ ಬೇರೆಯೇ. ಕನ್ನಡನಾಡಿನ ಎಂ. ಟಿ. ವಿ. ಆಚಾರ್ಯರು ಬರೆದ ಮಹಾಭಾರತದ ವರ್ಣಚಿತ್ರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ. ಬೇತಾಳ ಕಥೆಯ ತಲೆಯಲ್ಲಿರುತ್ತಿದ್ದ ಚಿತ್ರವು ಶಂಕರ್ ಅವರದು. ಕೈಯಲ್ಲಿ ಖಡ್ಗ, ಹೆಗಲ ಮೇಲೆ ಹೆಣ; ರಾಜನ ಮುಖದಲ್ಲಿ ಭಯವೆಂಬುದು ಲವಲೇಶವೂ ಇಲ್ಲ. ಆ ಒಂದೇ ಚಿತ್ರವನ್ನು ತಿಂಗಳು ತಿಂಗಳೂ ನೋಡಿದರೂ ನಮಗೆ ಬೇಸರವಾಗುತ್ತಿರಲಿಲ್ಲ.

ನಮ್ಮ ಅಜ್ಜಿಗಾದರೋ ಚಿತ್ರವೂ ಇಲ್ಲ, ಅಕ್ಷರವೂ ಇಲ್ಲ. ಅಕ್ಷರವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಹೀಗಾಗಿ ಮಧ್ಯಾಹ್ನದ ಹೊತ್ತು ಜಗಲಿಯ ಮೇಲೆ ಕುಳಿತು ಕಥೆಯನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಚಿತ್ರವನ್ನೂ ನಾನೇ ವರ್ಣಿಸಬೇಕು. “ಹೆಣದ ಕೂದಲು ಜೋತುಬಿದ್ದಿದೆಯೋ, ಕಟ್ಟಿದೆಯೋ?” ಎಂದು ಅವರು ಕೇಳಿದರೆ, ಹತ್ತಾರು ಸಲ ನೋಡಿದ್ದ ಚಿತ್ರವನ್ನೇ ನಾನು ಮತ್ತೆ ದಿಟ್ಟಿಸಿ ನೋಡಬೇಕಾಗುತ್ತಿತ್ತು. ನೋಡುವುದೆಂದರೇನೆಂಬುದನ್ನು ನಾನು ಕಲಿತದ್ದು ಕಣ್ಣು ಕಾಣದ ಅವರಿಂದಲೇ.

ಒಂದು ದಿನ ಮಂದಾರವತಿಯ ಕಥೆ ಬಂದಿತು. ಆಕೆಯನ್ನು ಮೂವರು ಯುವಕರು ವರಿಸಲು ಬಂದಿರುತ್ತಾರೆ. ಅಷ್ಟರಲ್ಲಿ ಆಕೆ ಸಾಯುತ್ತಾಳೆ. ಒಬ್ಬನು ಆಕೆಯ ಚಿತಾಭಸ್ಮದ ಮೇಲೆಯೇ ಮಲಗುತ್ತಾನೆ. ಇನ್ನೊಬ್ಬನು ಅಸ್ಥಿಯನ್ನು ಗಂಗೆಗೆ ಕೊಂಡೊಯ್ಯುತ್ತಾನೆ. ಮತ್ತೊಬ್ಬನು ದೇಶಾಂತರ ಅಲೆದು, ಸತ್ತವರನ್ನು ಬದುಕಿಸುವ ಮಂತ್ರವನ್ನು ತಂದು ಆಕೆಯನ್ನು ಎಬ್ಬಿಸುತ್ತಾನೆ. ಈಗ ಆಕೆ ಯಾರ ಹೆಂಡತಿ? ಬದುಕಿಸಿದವನು ತಂದೆಗೆ ಸಮಾನ, ಅಸ್ಥಿ ಒಯ್ದವನು ಮಗನಿಗೆ ಸಮಾನ, ಬೂದಿಯ ಮೇಲೆ ಮಲಗಿದವನೇ ಗಂಡ ಎಂಬುದು ರಾಜನ ತೀರ್ಪು.

ಅಜ್ಜಿ ಒಪ್ಪಲಿಲ್ಲ. “ಮಲಗಿದವನು ಏನು ಮಾಡಿದ ಮಗು? ಮಲಗಿದ, ಅಷ್ಟೆ,” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲ ಕಣೋ, ಆ ಹುಡುಗಿ ಎದ್ದು ಕೂತಿದ್ದಾಳಲ್ಲ. ಅವಳಿಗೆ ಬಾಯಿಲ್ಲವೆ? ಅವಳನ್ನೇ ಒಂದು ಮಾತು ಕೇಳಬಾರದಾಗಿತ್ತೆ?” ಎಂದರು. ಒಂಬತ್ತನೆಯ ವಯಸ್ಸಿನಲ್ಲಿ ಹಸೆಮಣೆಯೇರಿದ ಅವರನ್ನು ಆ ದಿನ ಯಾರೂ ಒಂದು ಮಾತು ಕೇಳಿರಲಿಲ್ಲವೆಂಬುದು ನನಗೆ ತಿಳಿದುದು ಬಹುಕಾಲದ ಮೇಲೆ.

ಸೋಮದೇವನ ಕಥಾಸರಿತ್ಸಾಗರದಲ್ಲಿಯೂ ಸೇರಿರುವ ಬೇತಾಳನ ಕಥೆಗಳು ಇಪ್ಪತ್ತೈದು ಮಾತ್ರ. ಪತ್ರಿಕೆಯವರಾದರೋ ಆ ಗಂಟು ಮುಗಿದ ಮೇಲೂ ನೂರಾರು ಕಥೆಗಳನ್ನು ಹೊಸದಾಗಿ ಹೆಣೆದು, ಪ್ರತಿಯೊಂದಕ್ಕೂ ಪ್ರಶ್ನೆಯ ಬಾಲವನ್ನು ಕಟ್ಟಿದರು. ಕೆಲವಕ್ಕೆ ಬಾಲವು ಚೆನ್ನಾಗಿ ಕೂಡಿಕೊಳ್ಳುತ್ತಿರಲಿಲ್ಲವೆಂಬುದು ನಿಜ. ಅಂಥದನ್ನು ಅಜ್ಜಿ ಥಟ್ಟನೆ ಹಿಡಿಯುತ್ತಿದ್ದರು. “ಇದು ಬೇತಾಳ ಕೇಳೋ ಪ್ರಶ್ನೆಯಲ್ಲ, ಮೇಷ್ಟರು ಕೇಳೋ ಪ್ರಶ್ನೆ,” ಎಂಬುದು ಅವರ ವಿಮರ್ಶೆ. ಇದಕ್ಕಿಂತ ಚಿಕ್ಕದಾದ, ಸರಿಯಾದ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ.

1965ರಲ್ಲಿ ಅದೇ ವಿಜಯಾ ಸಂಸ್ಥೆಯವರ ಕನ್ನಡ ‘ಸತ್ಯಹರಿಶ್ಚಂದ್ರ’ ತೆರೆಕಂಡಿತು. ಹುಣಸೂರು ಕೃಷ್ಣಮೂರ್ತಿಗಳ ನಿರ್ದೇಶನ, ರಾಜಕುಮಾರರ ಹರಿಶ್ಚಂದ್ರ, ಪಂಢರೀಬಾಯಿಯವರ ಚಂದ್ರಮತಿ. ಅದು ನಮ್ಮೂರಿನ ಟೆಂಟಿಗೆ ಬಂದಾಗ ಮನೆಮಂದಿಯೆಲ್ಲ ಹೊರಟರೂ ಅಜ್ಜಿ ಜಗಲಿಯಲ್ಲೇ ಉಳಿದರು. ಟೆಂಟಿನ ಧ್ವನಿ ಅಲ್ಲಿಗೆ ನಿಚ್ಚಳವಾಗಿ ಕೇಳಿಸುತ್ತಿತ್ತು. ಎರಡನೆಯ ರಾತ್ರಿ ನಾನೂ ಅವರ ಬಳಿಯೇ ಕುಳಿತೆ. ಸುಡುಗಾಡಿನಲ್ಲಿ ವೀರಬಾಹುವು ಜಾತಿಯ ಮೇಲು ಕೀಳನ್ನು ಹಳಿಯುವ ಹಾಡನ್ನು ಘಂಟಸಾಲರು ಹಾಡಿದ್ದಾರೆ. ಆ ಎತ್ತರದ ಕಂಠವು ಕತ್ತಲೆಯಲ್ಲಿ ತೇಲಿ ಬಂದಾಗ, ಜೀವಮಾನವೆಲ್ಲ ಮಡಿಯನ್ನು ಬಿಡದಿದ್ದ ಅಜ್ಜಿಯು ಜಪಮಣಿಯನ್ನು ನಿಲ್ಲಿಸಿ ಕೇಳಿದರು. ಹಾಡು ಮುಗಿದ ಮೇಲೆ, “ಸುಡುಗಾಡಲ್ಲೇ ಇವರೆಲ್ಲ ನಿಜ ಹೇಳೋದು,” ಎಂದು ಒಳಗೆ ಹೋದರು. ಮರುದಿನವೂ ಮಡಿ ಎಂದಿನಂತೆಯೇ ನಡೆಯಿತು, ಅದನ್ನು ಮರೆಮಾಚಲಾರೆ.

‘ಚಂದಮಾಮ’ದಲ್ಲಿ ಎರಡು ಛಾಯಾಚಿತ್ರಗಳಿಗೆ ಹೊಂದುವ ಶೀರ್ಷಿಕೆಗಳನ್ನು ಬರೆದು ಕಳುಹಿಸುವ ಸ್ಪರ್ಧೆಯೊಂದಿತ್ತು. ನಾನು ಕಾರ್ಡಿನ ಮೇಲೆ ಕಾರ್ಡು ಬರೆದೆ. ಬಹುಮಾನವು ಒಮ್ಮೆಯೂ ಬರಲಿಲ್ಲ. ನನ್ನ ಸಾಹಿತ್ಯವ್ಯವಸಾಯದ ಆರಂಭವು ಅದೇ. ಆ ಬಳಿಕ ನೋಟುಬುಕ್ಕೊಂದರಲ್ಲಿ ಮಂದಾರವತಿಯ ಕಥೆಯನ್ನೇ ತಿರುಗಿಸಿ ಬರೆಯತೊಡಗಿದೆ. ಅದರಲ್ಲಿ ರಾಜನು ಬಾಯಿ ತೆರೆಯುವುದಿಲ್ಲ. ಬೂದಿಯಿಂದ ಎದ್ದ ಹುಡುಗಿಯೇ ಮೂವರನ್ನೂ ನೋಡಿ ಮಾತನಾಡಲು ತೊಡಗುತ್ತಾಳೆ.

ಪತ್ರಿಕೆಯ ಒಡೆತನವು 2007ರಲ್ಲಿ ಕೈ ಬದಲಾಯಿಸಿತು. ಕೆಲವು ವರ್ಷಗಳ ತರುವಾಯ ಪ್ರಕಟಣೆಯೇ ನಿಂತಿತು. 1924ರಲ್ಲಿ ಜನಿಸಿದ ಶಂಕರ್ ಅವರು 2020ರಲ್ಲಿ ತೀರಿಕೊಂಡರು; ಪದ್ಮಶ್ರೀ ಪ್ರಶಸ್ತಿಯು ಮರುವರ್ಷ, ಮರಣಾನಂತರ ಬಂದಿತು. ಆ ಸುದ್ದಿಯನ್ನೋದಿದ ದಿನ ನಾನು ಪೆಟ್ಟಿಗೆಯನ್ನು ತೆಗೆದು ಆ ನೋಟುಬುಕ್ಕನ್ನು ಹುಡುಕಿದೆ. ಅದನ್ನು ಅಜ್ಜಿಗೆ ಓದಿ ಹೇಳಿದ್ದುಂಟು. ಹುಡುಗಿ ಬಾಯಿ ತೆರೆಯುವಲ್ಲಿಗೆ ಬಂದು ನಾನು ನಿಲ್ಲಿಸಿದಾಗ ಅವರು, “ಏನೆಂದಳು?” ಎಂದು ಕೇಳಿದರು. ನಾನು, “ನಾಳೆ ಬರೆಯುತ್ತೇನಜ್ಜಿ,” ಎಂದಿದ್ದೆ. ಅಲ್ಲಿಂದ ಮುಂದಿನ ಹಾಳೆಗಳು ಖಾಲಿಯಾಗಿವೆ.