ಮೊಳೆಯಿಲ್ಲದ ಬುಗುರಿ, ಏಪ್ರಿಲ್ ಹತ್ತರ ಉಡುಗೊರೆ

ಬಿಸಿಯೂಟದ ಬೇಳೆ ತುಂಬಿಡುವ ದೊಡ್ಡ ಸ್ಟೀಲ್ ಡಬ್ಬಿ ಮೇಜಿನ ಮೇಲೆ ಬಂದು ಕೂತಾಗ, ಏಳನೇ ತರಗತಿಯ ಇಪ್ಪತ್ಮೂರು ಮಕ್ಕಳೂ ಒಳಗಿರುವುದು ಮೈಸೂರು ಪಾಕ್ ಎಂದೇ ಲೆಕ್ಕ ಹಾಕಿದ್ದರು. ಮುಂದಿನ ಸಾಲಿನ ಹುಡುಗನೊಬ್ಬ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು ಸಿದ್ಧನಾಗಿಯೂ ಬಿಟ್ಟಿದ್ದ. ಅಂದು ಏಪ್ರಿಲ್ 10, ಫಲಿತಾಂಶದ ದಿನ. ಚನ್ನಪಟ್ಟಣ ತಾಲ್ಲೂಕಿನ ಆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಜಗುಲಿಯಲ್ಲಿ ಅಪ್ಪ ಅಮ್ಮಂದಿರು ಅಂಕಪಟ್ಟಿಗೆ ಸಹಿ ಹಾಕಿ, ಟಿ.ಸಿ. ಯಾವಾಗ ಕೊಡುತ್ತೀರಿ ಎಂದು ವಿಚಾರಿಸುತ್ತಿದ್ದರು. ಮಿಸ್ ಮುಚ್ಚಳ ತೆಗೆದರು. ಒಳಗಿದ್ದದ್ದು ಹಳೇ ಪೇಪರಿನಲ್ಲಿ ಸುತ್ತಿದ ಪುಟ್ಟ ಪುಟ್ಟ ಪೊಟ್ಟಣಗಳು. ಪ್ರತಿಯೊಂದರ ಮೇಲೂ ನೀಲಿ ಶಾಯಿಯಲ್ಲಿ ಒಂದೊಂದು ಹೆಸರು.

ಪೊಟ್ಟಣ ಬಿಚ್ಚಿದರೆ ಅಣಬೆಯನ್ನು ತಲೆಕೆಳಗೆ ಹಿಡಿದಂತಿರುವ ಮರದ ತುಂಡು. ತಳ ನಿಂಬೆಹಣ್ಣಿನಷ್ಟು ಗುಂಡು. ಮೇಲ್ಭಾಗ ಕತ್ತರಿಸಿ, ಒಳಗೆ ಕೊಂಚ ಟೊಳ್ಳು ಮಾಡಿ, ನಡುಮಧ್ಯೆ ಪೆನ್ಸಿಲಿಗಿಂತ ಸಣ್ಣದೊಂದು ಹಿಡಿ. ಕೆಂಪು ಮೈಗೆ ಹಳದಿ ಪಟ್ಟೆ. ಮೂಗಿನ ಹತ್ತಿರ ತಂದರೆ ಅಂಚೆ ಕಚೇರಿಯ ಅರಗಿನ ವಾಸನೆ.

‘ಇದೆಂಥಾ ಬುಗುರಿ ಮಿಸ್, ಮೊಳೆನೇ ಇಲ್ಲ! ಚಾಟಿ ಎಲ್ಲಿ?’

ಪ್ರಶ್ನೆ ನ್ಯಾಯವಾದದ್ದೇ. ಚಾಟಿ ಸುತ್ತಿ ಬೀಸಿ ಬಿಟ್ಟು, ಇನ್ನೊಬ್ಬನ ಬುಗುರಿಗೆ ಗುನ್ನ ಹೊಡೆಯದಿದ್ದ ಮೇಲೆ ಅದು ಬುಗುರಿ ಹೇಗಾದೀತು? ಮಿಸ್ ಉತ್ತರ ಕೊಡಲಿಲ್ಲ. ರೆಡ್ ಆಕ್ಸೈಡ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹಿಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಚಕ್ಕನೆ ತಿರುವಿ ಬಿಟ್ಟರು. ಎರಡು ಕ್ಷಣ ಅದು ಎಲ್ಲ ಬುಗುರಿಯಂತೆಯೇ ತಿರುಗಿತು. ಆಮೇಲೆ ಸುಸ್ತಾದಂತೆ ವಾಲಿತು. ವಾಲಿ ಬಿದ್ದೇಬಿಡುತ್ತದೆ ಅನ್ನುವಾಗ ಹಿಡಿಯ ತುದಿ ನೆಲಕ್ಕೆ ತಾಗಿ ‘ಟರ್ರ್’ ಎಂದಿತು. ಮರುಕ್ಷಣ ಬುಗುರಿ ತನ್ನ ದಪ್ಪ ತಳವನ್ನು ತಾನೇ ಎತ್ತಿಕೊಂಡು ಎದ್ದು, ಸಣ್ಣ ಹಿಡಿಯ ಮೇಲೆ ತಲೆಕೆಳಗಾಗಿ ನಿಂತು ತಿರುಗತೊಡಗಿತು. ಜಗುಲಿಯಲ್ಲಿದ್ದ ಅಪ್ಪಂದಿರು ಕಿಟಕಿಗೆ ಬಂದದ್ದು ಮಕ್ಕಳ ಕೂಗು ಕೇಳಿ.

ಒಂದಕ್ಕೆ ಹನ್ನೆರಡು ರೂಪಾಯಿ. ಇಪ್ಪತ್ಮೂರಕ್ಕೆ 276. ಅದರ ಜೊತೆ ತಲೆಗೊಂದು ಕಡಲೆ ಮಿಠಾಯಿ. ಎಲ್ಲ ಸೇರಿ ನಾನೂರರೊಳಗೆ ಮುಗಿಯಿತು, ಅದೂ ಮಿಸ್ ಕೈಯಿಂದ.

ನಮ್ಮ ಶಾಲೆಗಳಲ್ಲಿ ವರ್ಷದ ಕೊನೆಯ ಕಾಣಿಕೆ ಹರಿಯುವುದು ಸಾಮಾನ್ಯವಾಗಿ ಇದಕ್ಕೆ ಎದುರು ದಿಕ್ಕಿಗೆ. ಬೀಳ್ಕೊಡುಗೆ ಎಂದರೆ ಮಕ್ಕಳು ಹತ್ತು, ಇಪ್ಪತ್ತು, ಐವತ್ತು ಎಂದು ಎತ್ತಿ ಮೇಷ್ಟರಿಗೆ ಶಾಲು, ಶಾಲೆಗೊಂದು ಗೋಡೆ ಗಡಿಯಾರ. ಯಾವ ಹಳೇ ಸರ್ಕಾರಿ ಶಾಲೆಯ ಆಫೀಸು ಕೋಣೆಗೆ ಹೊಕ್ಕರೂ ಇಂಥ ಸಾಲಿನವರ ಕಾಣಿಕೆ ಎಂದು ಬರೆಸಿಕೊಂಡ ಗಡಿಯಾರಗಳು ಎರಡು ಮೂರಾದರೂ ಸಿಗುತ್ತವೆ. ಬಹುಪಾಲು ನಿಂತಿರುತ್ತವೆ, ಒಂದೊಂದು ಒಂದೊಂದು ಹೊತ್ತಿಗೆ. ಕಬ್ಬಿಣದ ಬೀರುವಿನ ಮೇಲೆ ಆಯಿಲ್ ಪೇಂಟಿನಲ್ಲಿ ಬರೆದ ದಾನಿಗಳ ಹೆಸರಂತೂ ಬೀರು ತುಕ್ಕು ಹಿಡಿದರೂ ಅಳಿಸುವುದಿಲ್ಲ. ಮೇಷ್ಟ್ರು ಮಕ್ಕಳಿಗೆ ಕೊಟ್ಟದ್ದಕ್ಕೆ ಹೀಗೆ ಶಾಸನ ಬರೆಸುವವರಿಲ್ಲ.

ಕೊಟ್ಟದ್ದು ಇಲ್ಲವೆಂದಲ್ಲ. ಒಂದು ಕಾಲಕ್ಕೆ ಬಿಳಿ ಮೈ ನೀಲಿ ಟೋಪಿಯ ರೆನಾಲ್ಡ್ಸ್ ಪೆನ್ನು, ಪರೀಕ್ಷೆಗೆ ಬರೆಯಲು ಕ್ಲಿಪ್ ಇರುವ ರಟ್ಟು, ಕೈ ಸ್ವಲ್ಪ ಧಾರಾಳವಾಗಿದ್ದರೆ ಕ್ಯಾಮೆಲ್ ಜಾಮಿಟ್ರಿ ಬಾಕ್ಸು, ಇಲ್ಲವಾದರೆ ನಟರಾಜ ಪೆನ್ಸಿಲು. ಪುಸ್ತಕ ಕೊಡುವ ಮೇಷ್ಟರದು ಬೇರೆಯೇ ಜಾತಿ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಹೊರತಂದ ಭಾರತ ಭಾರತಿ ಪುಸ್ತಕ ಸಂಪದದ 510 ಕಿರುಹೊತ್ತಗೆಗಳು ಇಂಥ ಮೇಷ್ಟರಿಗೆ ದೊಡ್ಡ ಅನುಕೂಲ ಮಾಡಿಕೊಟ್ಟವು. ಜೇಬಿನಲ್ಲಿ ಹಿಡಿಯುವಷ್ಟು ಸಣ್ಣವು, ಜೇಬಿಗೆ ಭಾರವಾಗದ ಬೆಲೆಯವು. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ರಟ್ಟನ್ನು ಮಡಿಸಿ ಒಂದು ಕತೆ ಹಿಡಿಸಿ ‘ಕತೆ ಕಾರ್ಡು’ ಮಾಡಿತು.

ಬೇರೆಡೆಯ ಕತೆಯೂ ಸ್ವಾರಸ್ಯದ್ದೇ. ಅಮೆರಿಕದ ಹಳ್ಳಿಗಳಲ್ಲಿ ಒಂದೇ ಕೋಣೆಯ ಶಾಲೆಗಳಿದ್ದ ಕಾಲದಲ್ಲಿ, 19ನೇ ಶತಮಾನ ಮುಗಿದು 20ನೆಯದು ಕಣ್ಣು ಬಿಡುವ ಹೊತ್ತಿಗೆ, ಶಾಲೆ ಮುಗಿಯುವ ದಿನ ಶಿಕ್ಷಕಿ ಪ್ರತಿ ಮಗುವಿಗೂ ಒಂದು ‘ಸುವೆನಿಯರ್’ ಕೊಡುತ್ತಿದ್ದಳು. ಬಣ್ಣದ ಹೊದಿಕೆಯ, ರಿಬ್ಬನ್ ಅಥವಾ ದಾರ ಕಟ್ಟಿದ ಪುಟ್ಟ ಪುಸ್ತಿಕೆ. ಒಳಗೆ ಊರು, ಶಾಲೆಯ ಸಂಖ್ಯೆ, ಶಾಲಾ ಮಂಡಳಿಯವರ ಹೆಸರು, ಆ ವರ್ಷದ ಅಷ್ಟೂ ಮಕ್ಕಳ ಹೆಸರು; ಕೆಲವದರಲ್ಲಿ ಶಿಕ್ಷಕಿಯ ಫೋಟೊ. ಓಹಾಯೋದ ಮುದ್ರಣಾಲಯಗಳು ಅಂಚೆಯಲ್ಲಿ ಆರ್ಡರು ಪಡೆದು ಇವನ್ನು ಅಚ್ಚು ಹಾಕಿ ಕಳಿಸುತ್ತಿದ್ದವು. ಇಂದು ಅಲ್ಲಿ ವಂಶವೃಕ್ಷ ಹುಡುಕುವವರಿಗೆ ಆ ಪುಸ್ತಿಕೆಗಳೇ ದಾಖಲೆ.

ಈಗ ಅಲ್ಲಿ ಅದರ ಜಾಗಕ್ಕೆ ಬಂದಿರುವುದನ್ನು, ಆರು ತಿಂಗಳ ವೀಸಾದಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋದ ನಮ್ಮ ಅಜ್ಜ ಅಜ್ಜಿಯರು ಚೆನ್ನಾಗಿ ಬಲ್ಲರು. ಮೇ ಕೊನೆಗೋ ಜೂನಿನಲ್ಲೋ ಮಗು ಶಾಲೆಯಿಂದ ತರುವ ಪ್ಲಾಸ್ಟಿಕ್ ಚೀಲದಲ್ಲಿ ಸೋಪಿನ ಗುಳ್ಳೆ ಊದುವ ಶೀಶೆ, ಗಾಳಿ ತುಂಬುವ ಚೆಂಡು, ಬಾಗುವ ಸ್ಟ್ರಾ. ಪ್ರತಿಯೊಂದಕ್ಕೂ ಒಂದು ಚೀಟಿ, ಚೀಟಿಯಲ್ಲೊಂದು ಶ್ಲೇಷೆ. ಚೆಂಡಿಗೆ ಕಟ್ಟಿದ್ದರೆ ‘ಹ್ಯಾವ್ ಎ ಬಾಲ್’. ಅಂದರೆ ರಜೆಯಲ್ಲಿ ಮಜಾ ಮಾಡು, ಚೆಂಡೂ ಇಟ್ಟುಕೋ. ಕನ್ನಡಕ್ಕೆ ತರಲು ಹೋದರೆ ಚೆಂಡು ಮಾತ್ರ ಉಳಿಯುತ್ತದೆ. ಇದೊಂದು ದೊಡ್ಡ ವ್ಯಾಪಾರವೇ. ಒಮಾಹಾ ಊರಿನಲ್ಲಿ 1932ರಲ್ಲಿ ಶುರುವಾದ ಓರಿಯೆಂಟಲ್ ಟ್ರೇಡಿಂಗ್ ಎಂಬ ಕಂಪನಿ ಇಂಥ ಡಜನ್‌ಗಟ್ಟಲೆ ಸಾಮಾನಿನಿಂದಲೇ ಎಷ್ಟು ಬೆಳೆಯಿತೆಂದರೆ, 2012ರಲ್ಲಿ ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಅದನ್ನು ಕೊಂಡುಕೊಂಡಿತು. ಶಿಕ್ಷಕರು ತರಗತಿಗೆಂದು ಕೈಯಿಂದ ಖರ್ಚು ಮಾಡುವುದು ಅಲ್ಲಿ ಎಷ್ಟು ಮಾಮೂಲು ಎಂದರೆ, 2002ರಿಂದ ಅದಕ್ಕೆ ಆದಾಯ ತೆರಿಗೆಯಲ್ಲೂ ಜಾಗವಿದೆ. ಮೊದಲು 250 ಡಾಲರ್‌ವರೆಗೆ ಲೆಕ್ಕಕ್ಕೆ ಹಿಡಿಯುತ್ತಿದ್ದರು, 2022ರಲ್ಲಿ ಅದು 300ಕ್ಕೆ ಏರಿತು. ಆ ಸೋಪಿನ ಶೀಶೆಗಳು ಜುಲೈ ಮೊದಲ ವಾರ ದಾಟುವುದಿಲ್ಲ ಎಂಬುದು ಬೇರೆ ಮಾತು.

ಕೊಡುವುದಾದರೆ ಪುಸ್ತಕವನ್ನೇ ಕೊಡಿ ಅನ್ನುವವರ ಬಳಿ ಗಟ್ಟಿ ಪುರಾವೆ ಇದೆ. ಫ್ಲೋರಿಡಾದ ಬಡ ಮಕ್ಕಳು ಹೆಚ್ಚಿರುವ 17 ಶಾಲೆಗಳಲ್ಲಿ ರಿಚರ್ಡ್ ಆಲಿಂಗ್ಟನ್ ಮತ್ತು ಸಂಗಡಿಗರು ಮೂರು ವರ್ಷ, ಪ್ರತಿ ಬೇಸಿಗೆ ರಜೆಗೆ ಮುಂಚೆ ಮಗುವಿಗೆ ಹನ್ನೆರಡು ಪುಸ್ತಕ ಕೊಟ್ಟು ಕಳಿಸಿದರು. ಪುಸ್ತಕ ಆರಿಸಿಕೊಂಡದ್ದು ಮಕ್ಕಳೇ. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪುಸ್ತಕ ಸಿಕ್ಕವರು ಸಿಗದವರಿಗಿಂತ ಓದಿನಲ್ಲಿ ಮುಂದಿದ್ದರು. ಒಪ್ಪತಕ್ಕ ಮಾತು. ಆದರೆ ಹನ್ನೆರಡು ಪುಸ್ತಕ ಅಗ್ಗದ ಉಡುಗೊರೆಯಲ್ಲ, ಮತ್ತು ಅವು ಯಾವುವೂ ನೆಲದ ಮೇಲೆ ತಾವಾಗಿಯೇ ಮಗುಚಿಕೊಳ್ಳುವುದಿಲ್ಲ.

ಹಾಗಾಗಿ ಮತ್ತೆ ಬುಗುರಿಗೇ ಬರಬೇಕು.

ಬುಗುರಿ ತಲೆಕೆಳಗಾಗುವುದು ಅರ್ಧ ಸೋಜಿಗವಷ್ಟೇ, ಉಳಿದರ್ಧ ಮಿಸ್ ಕೇಳಿದ ಪ್ರಶ್ನೆಯಲ್ಲಿತ್ತು. ಒಂದು ಪೆನ್ಸಿಲನ್ನು ನೆಟ್ಟಗೆ ಹಿಡಿದು, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಕಾಣುವ ಹಾಗೆ ಬೆರಳಲ್ಲಿ ತಿರುಗಿಸುತ್ತ ನಿಂತರು. ತಿರುಗಿಸುತ್ತಲೇ ಅದನ್ನು ಬುಡಮೇಲು ಮಾಡಿದರು. ಈಗ ಮೇಲಿನಿಂದ ಯಾವ ಕಡೆಗೆ ತಿರುಗುತ್ತಿದೆ? ಎಡಗಡೆಗೆ, ಎಂದರು ಮಕ್ಕಳು. ಸರಿ. ಬುಗುರಿ? ಇಪ್ಪತ್ಮೂರು ಬುಗುರಿಗಳು ಒಟ್ಟಿಗೆ ನೆಲಕ್ಕಿಳಿದವು. ಬಲಕ್ಕೆ ತಿರುವಿದ್ದು ಮಗುಚಿಕೊಂಡ ಮೇಲೂ ಮೇಲಿನಿಂದ ನೋಡಿದರೆ ಬಲಕ್ಕೇ ತಿರುಗುತ್ತಿತ್ತು! ಅಂದರೆ ಬುಗುರಿಯ ಮೈಯ ಲೆಕ್ಕದಲ್ಲಿ, ಅದು ನಡುದಾರಿಯಲ್ಲೆಲ್ಲೋ ಒಂದು ದಿಕ್ಕಿನ ಸುತ್ತು ಬಿಟ್ಟು ಇನ್ನೊಂದು ದಿಕ್ಕಿಗೆ ತಿರುಗಿದೆ. ‘ಯಾರೂ ಮುಟ್ಟಿಲ್ವಲ್ಲ ಮಿಸ್?’ ಎಂದಳು ಹಿಂದಿನ ಸಾಲಿನ ಹುಡುಗಿ. ಹೈಸ್ಕೂಲಿಗೆ ಹೋಗಿ ಸೈನ್ಸ್ ಮೇಷ್ಟರನ್ನು ಕೇಳು ಎಂಬ ಉತ್ತರ ಸಿಕ್ಕಿತು. ಆ ಮೇಷ್ಟರ ಜೂನ್ ತಿಂಗಳು ಸುಖವಾಗಿರಲಾರದು.

ಇದಕ್ಕೆ ತಲೆ ಕೆಡಿಸಿಕೊಂಡವರು ಸಾಮಾನ್ಯರಲ್ಲ. 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಭೌತವಿಜ್ಞಾನ ಸಂಸ್ಥೆಯೊಂದರ ಉದ್ಘಾಟನೆಗೆ ಬಂದಿದ್ದ ನೀಲ್ಸ್ ಬೋರ್ ಮತ್ತು ವುಲ್ಫ್‌ಗ್ಯಾಂಗ್ ಪೌಲಿ, ಇಬ್ಬರೂ ನೊಬೆಲ್ ಪಡೆದವರು, ಸೂಟು ಬೂಟು ಹಾಕಿಕೊಂಡು ಸೊಂಟ ಬಗ್ಗಿಸಿ ನೆಲದ ಮೇಲಿನ ಇಂಥದೇ ಬುಗುರಿಯನ್ನು ನೋಡುತ್ತಿರುವ ಫೋಟೊ ಇದೆ. ಆ ಶಾಲೆಯ ಮುಂದಿನ ಸಾಲಿನ ಹುಡುಗನ ಮುಖಕ್ಕೂ ಬೋರ್ ಮುಖಕ್ಕೂ ಆ ಗಳಿಗೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣದು. ಮ್ಯೂನಿಕ್‌ನ ಹೆಲೆನ್ ಸ್ಪೆರ್ಲ್ ಎಂಬಾಕೆ 1891ರಷ್ಟು ಹಿಂದೆಯೇ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದಳು. ಜಗತ್ತು ಮರೆತಿತ್ತು. ಡೆನ್ಮಾರ್ಕಿನ ವರ್ನರ್ ಓಸ್ಟ್‌ಬರ್ಗ್ ಅದನ್ನು ಮತ್ತೆ ಮಾರುಕಟ್ಟೆಗೆ ತಂದಾಗ ಯುರೋಪಿಗೆ ಹುಚ್ಚು ಹಿಡಿಯಿತು. ಗುಟ್ಟಿರುವುದು ತಿಕ್ಕಾಟದಲ್ಲಿ ಎಂದು ಬ್ರಾಮ್ಸ್, ಹ್ಯೂಗನ್‌ಹೋಲ್ಟ್ಸ್ ಎಂಬ ಡಚ್ ವಿಜ್ಞಾನಿಗಳು 1952ರಲ್ಲಿ ಲೆಕ್ಕ ಬಿಡಿಸಿ ತೋರಿಸಿದರು. ಬುಗುರಿಯ ಭಾರದ ಕೇಂದ್ರ, ಗುಂಡಿನ ನಡುಬಿಂದುವಿಗಿಂತ ಕೊಂಚ ಕೆಳಗಿರುತ್ತದೆ. ತಿರುಗುವಾಗ ತಳ ನೆಲಕ್ಕೆ ಉಜ್ಜುತ್ತದೆ. ಆ ಉಜ್ಜಾಟವೇ ಬುಗುರಿಯನ್ನು ವಾಲಿಸಿ, ವಾಲಿಸಿ, ಕಡೆಗೆ ಭಾರವನ್ನೇ ಮೇಲಕ್ಕೆತ್ತಿಬಿಡುತ್ತದೆ. ಎತ್ತುವ ಶಕ್ತಿ ಬರುವುದು ಸುತ್ತಿನಿಂದಲೇ. ಹಾಗಾಗಿ ಎದ್ದು ನಿಂತ ಬುಗುರಿಯ ವೇಗ ಕಡಿಮೆ. ಮೊದಲೇ ಮೆಲ್ಲಗೆ ತಿರುವಿದರೆ ಏಳುವುದೇ ಇಲ್ಲ. ಒಂದನೇ ತರಗತಿಯವರಿಗೆ ಕೊಡದೆ ಏಳನೆಯವರಿಗೇ ಕೊಟ್ಟದ್ದು ಅದಕ್ಕೆ: ಚಿಕ್ಕವರ ಬೆರಳಿಗೆ ಅಷ್ಟು ಕಸುವಿಲ್ಲ.

ಬುಗುರಿ ಮಾಡುವವರಿಗೆ ಬೋರ್ ಗೊತ್ತಿಲ್ಲ, ಭಾರ ಗೊತ್ತು. ಅದೇ ಮಧ್ಯಾಹ್ನ ಚನ್ನಪಟ್ಟಣದಲ್ಲಿ ಕಂಡ ಕುಶಲಕರ್ಮಿಯೊಬ್ಬರ ಚರಕಿಗೆ ಅಂಗೈ ಅಗಲದ ಆಲೆಮರದ ತುಂಡು ಸಿಕ್ಕಿಕೊಂಡಿತ್ತು. ಚನ್ನಪಟ್ಟಣದ ಬೊಂಬೆಗೆಲ್ಲ ಇದೇ ಹಾಲು ಬಣ್ಣದ ಮೆದು ಮರ. ಉಳಿ ಹಿಡಿದು ಗುಂಡು ಮಾಡಿದರು, ಮೇಲೆ ಕೊರೆದರು, ಹಿಡಿ ಬಿಡಿಸಿದರು. ಆಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರು. ಬೆಂಕಿಯಿಲ್ಲ, ಕುಂಚವಿಲ್ಲ, ಉಜ್ಜುವ ಕಾವಿಗೇ ಅರಗು ಕರಗಿ ಕೆಂಪು ತಾನಾಗಿ ಮೈಗೆ ಹತ್ತಿತು. ಪಾಂಡವರನ್ನು ಸುಡಲು ಮನೆ ಕಟ್ಟಿದ ಅರಗು ಇದೇ ವಸ್ತು ಎಂದು ಏಳನೆಯವರಿಗೆ ಹೇಳಬೇಕಿತ್ತು. ಕೇದಗೆ ಗರಿಯ ತುಂಡು ಹಿಡಿದು ನಾಲ್ಕು ಬಾರಿ ಒರೆಸಿದ ಮೇಲೆ ಕಿಟಕಿಯ ಬೆಳಕು ಬುಗುರಿಯಲ್ಲಿ ಕಂಡಿತು. ಬಣ್ಣ ಹತ್ತಿಸುವುದೂ ತಿಕ್ಕಾಟ, ಬುಗುರಿ ಎಬ್ಬಿಸುವುದೂ ತಿಕ್ಕಾಟ. ‘ಹಿಡಿ ದಪ್ಪ ಆಯ್ತೋ, ಮಗುಚಲ್ಲ. ಮೇಲೆ ಕಮ್ಮಿ ಕೊರೆದ್ರೂ ಮಗುಚಲ್ಲ’ ಎಂದು ಅವರು ಪಕ್ಕದ ಬುಟ್ಟಿ ತೋರಿಸಿದರು. ಮಗುಚದ ಬುಗುರಿಗಳು ಅದರಲ್ಲಿ ಬಣ್ಣವಿಲ್ಲದೆ ಬಿದ್ದಿದ್ದವು.

ಹನ್ನೆರಡು ರೂಪಾಯಿಗೆ ಇಷ್ಟು ಕೆಲಸ ಸಿಗುವುದು ಶಿಕ್ಷಕಿಗೆ ಅನುಕೂಲವಿರಬಹುದು, ಮಾಡಿದವರಿಗಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ಚನ್ನಪಟ್ಟಣವನ್ನು ಬಳಸಿಕೊಂಡು ಹೋಗುತ್ತಿವೆ. ಹಳೇ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಮರದ ಕುದುರೆಗಳಿಗೆ ಧೂಳು ಕೂತಿದೆ. ಇಪ್ಪತ್ಮೂರು ಬುಗುರಿಯ ಆರ್ಡರು ಕೂಡ ಈಗ ಸಣ್ಣದಲ್ಲ. ಮುಂದಿನ ಏಪ್ರಿಲ್‌ಗೆ ತರಗತಿಯ ಲೆಕ್ಕ ಹಾಕುವ ಮೇಷ್ಟ್ರು ಮಿಸ್‌ಗಳು ರಾಮನಗರ ದಾಟಿದ ಮೇಲೆ ಹಳೇ ರಸ್ತೆಯಲ್ಲೇ ಮುಂದುವರಿಯಲಿ. ಚೌಕಾಸಿ ಬೇಡ. ಆದರೆ ಒಂದೊಂದನ್ನೂ ಅಂಗಡಿಯ ಗಾಜಿನ ಮೇಲೆ ತಿರುವಿ, ಮಗುಚಿದ್ದನ್ನೇ ಆರಿಸಿಕೊಳ್ಳಿ.