ದನಿ ಬದಲಿಸಿದ ಕವಿ

ಒಂದು ಹಾಡಿಗೆ ಮನಸೋತವರಿಗೆ ಅದನ್ನೇ ಮತ್ತೆ ಮತ್ತೆ ಕೇಳಬೇಕೆಂಬ ಆಸೆಯುಂಟಾಗುವುದು ಸಹಜವು. ಆದರೆ ಹಾಡು ಕಟ್ಟುವವನಿಗೆ ಈ ಆಸೆಯೇ ಸಂಕೋಲೆಯಾಗುವುದುಂಟು. ನಿನ್ನೆ ಮೆಚ್ಚಿದುದನ್ನೇ ಇಂದೂ ಕೊಡೆಂದು ಕೇಳುಗರು ಹಟ ಹಿಡಿಯುವರು. ಕವಿಯ ಮನಸ್ಸಾದರೋ ಅಷ್ಟರಲ್ಲಿ ಬೇರೊಂದು ದಾರಿಯನ್ನು ಹಿಡಿದಿರುವುದು. ಸಂಗೀತದ ವಿಷಯವಾಗಿ ಪತ್ರಿಕೆಗಳಿಗೆ ಬರೆಯುತ್ತ ಬಂದಿರುವ ನಮಗೆ ಈ ಜಗ್ಗಾಟದಲ್ಲಿ ಕವಿಯ ಪಕ್ಷವನ್ನು ವಹಿಸಲು ಕಲಿಸಿದವರು ಪ್ರೊ. ಕೆ. ಎಸ್. ನಿಸಾರ್ ಅಹಮದರು.

ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಹುಲಿ-ಸಿಂಹಧಾಮದಿಂದ ಹೆಸರಾದ ನಮ್ಮ ತ್ಯಾವರೆಕೊಪ್ಪವಿರುವುದು. ಇದೇ ದಾರಿಯು ಆಯನೂರು, ಕುಂಸಿ, ಆನಂದಪುರಗಳನ್ನು ದಾಟಿ ಜೋಗದ ಕಡೆಗೆ ಸಾಗುವುದು. ಜೋಗವೂ ತುಂಗೆಯೂ ಸಹ್ಯಾದ್ರಿಯ ಕಾಡೂ ಕೂಡಿಬಂದಿರುವ ‘ನಿತ್ಯೋತ್ಸವ’ವನ್ನು ಈ ಸೀಮೆಯವರು ತಮ್ಮ ಮನೆಯ ಹಾಡೆಂದೇ ಎಣಿಸಿರುವುದರಲ್ಲಿ ಆಶ್ಚರ್ಯವೇನು? ಕವಿಗಳು ಹುಟ್ಟಿದುದು 1936ರಲ್ಲಿ, ದೇವನಹಳ್ಳಿಯಲ್ಲಿ, ಓದಿದುದು ಭೂವಿಜ್ಞಾನವನ್ನು. ಆದರೆ ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಕೆಲವು ವರ್ಷ ಅಧ್ಯಾಪಕರಾಗಿದ್ದುದರಿಂದ ಮಲೆನಾಡು ಅವರಿಗೆ ಬರಿಯ ಪುಸ್ತಕದ ಮಾತಾಗಿ ಉಳಿಯಲಿಲ್ಲ.

ಅವರ ಮೊದಲ ಸಂಕಲನ ‘ಮನಸು ಗಾಂಧಿಬಜಾರು’ 1960ರಲ್ಲಿ ಬೆಳಕು ಕಂಡಿತು. ಅದರ ಹೆಸರಿನಲ್ಲಿಯೇ ಬೆಂಗಳೂರಿನ ಪೇಟೆಬೀದಿಯ ಗದ್ದಲವುಂಟು. ಗೋಪಾಲಕೃಷ್ಣ ಅಡಿಗರ ನವ್ಯಮಾರ್ಗವು ಪ್ರಬಲವಾಗಿದ್ದ ಕಾಲವದು. ಹಾಡುಗಬ್ಬವೆಂದರೆ ಹಗುರವೆಂದು ಹಲವರು ಬಗೆದಿದ್ದರು. ಆಡುಮಾತಿನ ಲಯ, ವ್ಯಂಗ್ಯ, ತನ್ನನ್ನೇ ತಾನು ಕೆಣಕಿಕೊಳ್ಳುವ ಬುದ್ಧಿ ಇವೇ ಅಂದಿನ ಕವಿತೆಯ ಲಕ್ಷಣಗಳಾಗಿದ್ದುವು. ‘ಕುರಿಗಳು ಸಾರ್ ಕುರಿಗಳು’ ಎಂಬ ಕವಿತೆಯಲ್ಲಿ ನಿಸಾರರು ಗುಂಪಿನ ಹಿಂದೆ ಕಣ್ಣುಮುಚ್ಚಿ ನಡೆಯುವವರನ್ನು ಎಷ್ಟು ಚುರುಕಾಗಿ ಚುಚ್ಚಿರುವರೆಂಬುದನ್ನು ಬಲ್ಲವರು ಬಲ್ಲರು.

ಅದೇ ಲೇಖನಿಯಿಂದಲೇ ನಾಡನ್ನು ಕೊಂಡಾಡುವ ಗೀತೆಯೂ, ಬಾಲಕೃಷ್ಣನ ಬೆಣ್ಣೆಗಳ್ಳತನದ ಮುದ್ದಾದ ಹಾಡೂ ಹೊರಟುವು! ಷೇಕ್ಸ್‌ಪಿಯರನ ನಾಟಕವು ಕನ್ನಡವಾಗಿ ಬಂದಿತು. ಮಕ್ಕಳಿಗೂ ಬರೆಹವು ದೊರೆಯಿತು. ಗುಂಪನ್ನು ಹಾಸ್ಯಮಾಡಿದವರು ಗುಂಪಾಗಿ ಹಾಡುವ ಗೀತೆಯನ್ನು ಬರೆಯಬಹುದೆ ಎಂದು ಕೇಳುವವರಿರಬಹುದು. ಕುರುಡಾಗಿ ಹಿಂಬಾಲಿಸುವುದು ಬೇರೆ, ಒಂದಾಗಿ ಹಾಡುವುದು ಬೇರೆ ಎಂಬುದೇ ಇದಕ್ಕೆ ನಮ್ಮ ಉತ್ತರವು.

‘ನಿತ್ಯೋತ್ಸವ’ ಸಂಕಲನವು 1976ರಲ್ಲಿ ಹೊರಬಂದಿತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯೊಡನೆ ಅದೇ ಹೆಸರಿನ ಧ್ವನಿಸುರುಳಿಯು ಬಂದಿತು. ಕನ್ನಡದ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಅದಕ್ಕೆ ಖ್ಯಾತಿಯುಂಟು. ಇದಕ್ಕೆ ಬಹು ಹಿಂದೆಯೇ ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ಸಭೆಗಳಲ್ಲಿ ಹಾಡಿ ದಾರಿ ತೋರಿದ್ದರು. ಆದರೆ ಸಭೆಗೆ ಹೋಗಬೇಕು. ರೇಡಿಯೋ ಹಾಡಿಸಿದಾಗಲಷ್ಟೇ ಕೇಳಬೇಕು. ಕ್ಯಾಸೆಟ್ಟಾದರೋ ಅಡಿಗೆಯ ಮನೆಯ ಕೆಲಸದ ನಡುವೆಯೂ ಬೇಕೆಂದಾಗ ಹಾಡುವುದು. ಹೀಗೆ ಪುಸ್ತಕದ ಕವಿತೆಯು ಗೃಹಿಣಿಯರ ನಾಲಗೆಯ ಮೇಲೂ ಮಕ್ಕಳ ಕಂಠದಲ್ಲಿಯೂ ನೆಲಸಿತು.

ಇಲ್ಲಿಯೇ ಒಂದು ನಷ್ಟವನ್ನೂ ಹೇಳಬೇಕಾಗಿದೆ. ಒಂದು ಹಾಡಿನ ಕೀರ್ತಿಯ ನೆರಳಿನಲ್ಲಿ ಕವಿಯ ಉಳಿದ ಬರೆಹವು ಮರೆಯಾಗುವುದು. ‘ನಿತ್ಯೋತ್ಸವದ ಕವಿ’ ಎಂಬ ಬಿರುದು ಪ್ರೀತಿಯದೇ ಸರಿ. ಆದರೆ ಅದು ಹಲವು ಬಾಗಿಲುಗಳ ಮನೆಗೆ ಒಂದೇ ಬಾಗಿಲನ್ನು ಉಳಿಸಿದಂತಾಯಿತು. ಅಮೆರಿಕದ ಹಾಡುಗವಿ ಬಾಬ್ ಡಿಲನ್ನನು 1965ರಲ್ಲಿ ವಿದ್ಯುತ್ ಗಿಟಾರನ್ನು ಹಿಡಿದಾಗ, ಜಾನಪದ ಧಾಟಿಗೆ ಒಲಿದಿದ್ದ ಹಲವು ಅಭಿಮಾನಿಗಳು ಮುನಿದರು. ಆತನು ಹಿಂದಿರುಗಲಿಲ್ಲ, 2016ರಲ್ಲಿ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು. ಮುನಿಸು ಅಲ್ಲಿಯ ಕವಿಗೆ ಎದುರಾದ ತೊಡಕಾದರೆ, ಒಂದೇ ಹಾಡಿನ ಮೇಲಣ ಮೋಹವು ನಮ್ಮ ಕವಿಗೆ ಎದುರಾದ ತೊಡಕು. ಎರಡರಲ್ಲಿಯೂ ಕೇಳುಗನು ಕವಿಯನ್ನು ಕಟ್ಟಿಹಾಕಲು ಹವಣಿಸುವನು.

ನಮ್ಮ ಮೆಚ್ಚುಗೆಯು ಒಂದು ಹಾಡಿಗೆ ಅಂಟಿದುದಾಗಿದ್ದರೆ ಎಂದೋ ಸವೆದುಹೋಗುತ್ತಿದ್ದಿತು. ವಯಸ್ಸಿನೊಡನೆ ನಮ್ಮ ರುಚಿಯೂ ಬದಲಾಗುವುದಷ್ಟೆ? ಹರೆಯದಲ್ಲಿ ವ್ಯಂಗ್ಯವು ಹಿಡಿಸಿತು, ಸಂಸಾರಸ್ಥರಾದ ಮೇಲೆ ಹಾಡು ಹಿಡಿಸಿತು, ಈಗ ವ್ಯಂಗ್ಯದೊಳಗಿನ ಮರುಕವು ಕಾಣುತ್ತಿದೆ. ಪ್ರತಿ ತಿರುವಿನಲ್ಲಿಯೂ ಅವರ ಪುಸ್ತಕವೊಂದು ನಮಗಾಗಿ ಕಾದಿದ್ದಂತೆ ತೋರುವುದು.

2006ರಲ್ಲಿ ಶಿವಮೊಗ್ಗೆಯಲ್ಲಿ ನೆರೆದ 73ನೆಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಪಾಠ ಹೇಳಿದ ಊರೇ ಅವರನ್ನು ಗದ್ದುಗೆಯೇರಿಸಿ ಗೌರವಿಸಿತು. 2020ರ ಮೇ 3ರಂದು ಅವರು ಕಾಲವಶರಾದರು.

ವಾಚಕ ಬಂಧುಗಳೇ, ನಿಮ್ಮ ಮನೆಯಲ್ಲಿ ‘ನಿತ್ಯೋತ್ಸವ’ವು ಕೇಳಿಬಂದ ದಿನ, ಹಾಡು ಮುಗಿದೊಡನೆ ಅವರ ಹಾಡದೆ ಉಳಿದ ಕವಿತೆಯೊಂದನ್ನು ಯಾರಾದರೊಬ್ಬರು ಗಟ್ಟಿಯಾಗಿ ಓದಿರಿ. ರಾಗವಿಲ್ಲದೆಯೂ ಅದು ನಿಲ್ಲುವುದನ್ನು ಮಕ್ಕಳೂ ಕೇಳಲಿ.