ಮೂವರನ್ನು ಹೊತ್ತು ಹಾರಿದ ದೂರ

ಸಿಡ್ನಿಯಿಂದ ಲಂಡನ್ನಿಗೆ ಅತಿ ಹತ್ತಿರದ ಹಾದಿ ಹಿಡಿದರೂ ಸುಮಾರು 17,000 ಕಿ.ಮೀ. ನೂರು ವರ್ಷಗಳಲ್ಲಿ ಕರಗಿದ್ದು ಆ ದೂರವಲ್ಲ, ನಡುವೆ ಇಳಿಯಬೇಕಿದ್ದ ಊರುಗಳ ಪಟ್ಟಿ. 1919ರಲ್ಲಿ ರಾಸ್ ಮತ್ತು ಕೀತ್ ಸ್ಮಿತ್ ಸಹೋದರರು ಲಂಡನ್ ಬಿಟ್ಟು ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಮುಟ್ಟುವಷ್ಟರಲ್ಲಿ 28 ದಿನ ಕಳೆದಿತ್ತು. 1935ರಲ್ಲಿ ಪ್ರಯಾಣಿಕರ ಸೇವೆ ಶುರುವಾದಾಗ ಕರಾಚಿ, ಕಲ್ಕತ್ತಾ, ಸಿಂಗಪುರಗಳಲ್ಲಿ ಇಳಿದು ಏರಿ ಹೋಗಲು ಹನ್ನೆರಡು ದಿನಗಳ ಮೇಲಾಗುತ್ತಿತ್ತು.

1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನಿನ ಕೈಸೇರಿತು. ದಾರಿ ಅಲ್ಲಿಗೇ ಕಡಿದುಹೋಯಿತು. ಉಳಿದದ್ದು ಶತ್ರುವಿನ ಕಣ್ಗಾವಲಿದ್ದ ಹಿಂದೂ ಮಹಾಸಾಗರವನ್ನು ಒಂದೇ ಉಸಿರಿಗೆ ದಾಟುವ ಉಪಾಯ.

ಆಸ್ಟ್ರೇಲಿಯಾದ ವಿಮಾನ ಸಂಸ್ಥೆ ಕ್ವಾಂಟಾಸ್ 1943ರಲ್ಲಿ ಅದಕ್ಕೆ ಕೈಹಾಕಿತು. ಪರ್ತ್‌ನ ನದಿಯಿಂದ ಮೇಲೇಳುತ್ತಿದ್ದ ಕ್ಯಾಟಲಿನಾ ಎಂಬ ಜಲವಿಮಾನ ಸುಮಾರು 5,600 ಕಿ.ಮೀ. ಹಾರಿ ಸಿಂಹಳದ ಗಾಲೆ ಬಳಿಯ ಕೊಗ್ಗಲ ಸರೋವರದಲ್ಲಿ ಇಳಿಯುತ್ತಿತ್ತು. ಅದರ ವೇಗ ತಾಸಿಗೆ 200 ಕಿ.ಮೀ. ಆಸುಪಾಸು, ಪ್ರಯಾಣಕ್ಕೆ 27ರಿಂದ 33 ತಾಸು. ತೂಕವೆನಿಸಿದ್ದನ್ನೆಲ್ಲ ಕಿತ್ತುಹಾಕಿ ಆ ಜಾಗಕ್ಕೆ ಇಂಧನದ ಟ್ಯಾಂಕುಗಳನ್ನು ತುಂಬಿದ್ದರು. ಹೀಗಾಗಿ ಜಾಗ ಉಳಿದದ್ದು ಒಂದಿಷ್ಟು ಅಂಚೆಗೆ ಮತ್ತು ಮೂವರು ಪ್ರಯಾಣಿಕರಿಗೆ ಮಾತ್ರ! ಹೊರಟ ಮೊದಲ ಹಲವು ತಾಸು ವಿಮಾನ ಎಷ್ಟು ಭಾರವಿರುತ್ತಿತ್ತೆಂದರೆ, ಎರಡು ಎಂಜಿನ್‌ಗಳಲ್ಲಿ ಒಂದು ಕೈಕೊಟ್ಟರೂ ಸಮುದ್ರವೇ ಗತಿ. ರೇಡಿಯೊ ಮೌನವಾಗಿರಬೇಕು, ದಿಕ್ಕಿಗೆ ನಕ್ಷತ್ರಗಳೇ ಆಧಾರ. ವಿಮಾನಗಳಿಗೂ ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು: ವೇಗಾ, ರೀಜೆಲ್, ಸ್ಪೈಕಾ... ಒಂದೇ ಪಯಣದಲ್ಲಿ ಎರಡು ಸೂರ್ಯೋದಯ ಕಂಡವರಿಗೆ ಪ್ರಮಾಣಪತ್ರ ಕೊಡುತ್ತಿದ್ದರು. 1945ರವರೆಗೆ 271 ಸಲ ಸಾಗರ ದಾಟಿದರೂ ಒಂದೇ ಒಂದು ವಿಮಾನ ಕಳೆದುಹೋಗಲಿಲ್ಲ. ವಿಮಾನಯಾನದ ಚರಿತ್ರೆಯಲ್ಲಿ ಇದಕ್ಕಿಂತ ಎದೆಗಾರಿಕೆಯ ದಿನನಿತ್ಯದ ಕೆಲಸ ನನಗಂತೂ ಕಂಡಿಲ್ಲ.

ಆ ಜಲವಿಮಾನ ಸೇವೆ ಮುಂದೆ ಬಂದವರಿಗೂ ಒಂದು ಲೆಕ್ಕ ಕಲಿಸಿತು. ದೂರ ಹಾರಲು ಇಂಧನ ಬೇಕು. ಆ ಇಂಧನವನ್ನು ಹೊರಲು ಇನ್ನಷ್ಟು ಇಂಧನ ಬೇಕು. ಕೊನೆಗೆ ಕಡಿಮೆಯಾಗಬೇಕಾದದ್ದು ಜನರೇ. 1947ರ ಡಿಸೆಂಬರಿನಲ್ಲಿ ಕಾನ್‌ಸ್ಟಲೇಷನ್ ವಿಮಾನ ಸಿಡ್ನಿಯಿಂದ ಲಂಡನ್ನಿಗೆ ನಾಲ್ಕು ದಿನಗಳಲ್ಲಿ ಹೋದಾಗ ಅದರಲ್ಲಿದ್ದದ್ದು 29 ಪ್ರಯಾಣಿಕರು. 1989ರಲ್ಲಿ ಹೊಸ ಬೋಯಿಂಗ್ 747-400 ಲಂಡನ್ನಿನಿಂದ ಸಿಡ್ನಿಗೆ 20 ತಾಸು 9 ನಿಮಿಷಗಳಲ್ಲಿ ಎಲ್ಲೂ ಇಳಿಯದೆ ಬಂತು. ಆದರೆ ಅದು ಬಹುಪಾಲು ಖಾಲಿಯಿತ್ತು, ಟ್ಯಾಂಕಿನಲ್ಲಿ ವಿಶೇಷವಾಗಿ ತಯಾರಿಸಿದ ಸಾಂದ್ರ ಇಂಧನವಿತ್ತು, ರನ್‌ವೇ ತನಕ ಅದನ್ನು ಎಳೆದೇ ತಂದಿದ್ದರು.

2018ರ ಮಾರ್ಚಿನಲ್ಲಿ ಪರ್ತ್–ಲಂಡನ್ ನೇರ ಸೇವೆ ಆರಂಭವಾಯಿತು. ಸುಮಾರು 14,500 ಕಿ.ಮೀ., 17 ತಾಸಿನ ಆಸುಪಾಸು. ಸಿಡ್ನಿಯಿಂದಲೇ ನೇರ ಹಾರಲು ಕ್ವಾಂಟಾಸ್ ಆರಿಸಿದ್ದು ಏರ್‌ಬಸ್ ಎ350-1000. ಮುನ್ನೂರಕ್ಕೂ ಹೆಚ್ಚು ಆಸನಗಳು ಹಿಡಿಯುವ ಆ ವಿಮಾನದಲ್ಲಿ ಇಟ್ಟುಕೊಂಡದ್ದು 238. ಜೊತೆಗೆ 20,000 ಲೀಟರಿನ ಹೆಚ್ಚುವರಿ ಟ್ಯಾಂಕು. ಯೋಜನೆಗೆ ‘ಸನ್‌ರೈಸ್’ ಎಂದು ಹೆಸರಿಟ್ಟದ್ದು ಆ ಕ್ಯಾಟಲಿನಾಗಳ ನೆನಪಿಗೇ.

ಇಂಧನದ ಗಂಟು ಹೀಗೆ ಬಿಡಿಸಿಕೊಂಡರೂ ಮನುಷ್ಯನ ದೇಹದ ಪ್ರಶ್ನೆ ಬಾಕಿಯಿತ್ತು. 2019ರ ಪರೀಕ್ಷಾ ಹಾರಾಟಗಳಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯಾಣಿಕರ ನಿದ್ದೆ, ಊಟ, ಬೆಳಕನ್ನು ಗಮನಿಸಿದರು. ಪೈಲಟ್‌ಗಳ ಮಿದುಳಿನ ಅಲೆಗಳನ್ನು ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದರು. ನ್ಯೂಯಾರ್ಕ್‌ನಿಂದ ಸಿಡ್ನಿಗೆ ಹೊರಟ ವಿಮಾನದಲ್ಲಿ, ಹೊರಗೆ ರಾತ್ರಿಯಿದ್ದರೂ ಮೊದಲ ಆರು ತಾಸು ದೀಪ ಆರಿಸದೆ, ಪ್ರಯಾಣಿಕರನ್ನು ಸಿಡ್ನಿಯ ಹಗಲಿಗೆ ಒಗ್ಗಿಸಲು ನೋಡಿದರು.